ಗಿಟಾರ್ ಮುಗಿದ ಮೇಲಿನ ಚರಣ

ಕಾಲು ಮುರಿದುಕೊಳ್ಳುವುದಕ್ಕೂ ಒಂದು ಮರ್ಯಾದೆ ಬೇಕು. ಕಾರವಾರ–ಅಂಕೋಲಾ ಬಸ್ಸಿನಲ್ಲಿ ಹತ್ತು ವರ್ಷದಿಂದ ಕಂಡಕ್ಟರ್ ಆಗಿರುವವಳು ನಾನು. ಬಿಣಗಾ ಘಟ್ಟದ ತಿರುವಿನಲ್ಲಿ ಗಂಡಸರೆಲ್ಲ ಕಂಬಿಗೆ ಜೋತುಬಿದ್ದಿರುವಾಗ ಕೈಬಿಟ್ಟು ನಿಂತು ಟಿಕೆಟ್ ಕೊಡುತ್ತಿದ್ದೆ. ಅಂಥವಳು ಕಾಲು ಮುರಿದುಕೊಂಡದ್ದು ಎಲ್ಲಿ ಅಂದರೆ, ಹಟ್ಟಿಕೇರಿಯ ನಮ್ಮ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಶ್ರಾವಣದ ಪಾಚಿ, ಕೈಯಲ್ಲಿ ಗಂಡನ ಪ್ಯಾಂಟು. ನೋಡಲು ಬಂದವರೆಲ್ಲ ‘ಬಸ್ಸಿಂದ ಬಿದ್ರಾ?’ ಎಂದು ಕಣ್ಣರಳಿಸಿ ಕೇಳುತ್ತಿದ್ದರು. ಹೌದು ಅಂದುಬಿಡೋಣ ಎಂದು ಎಷ್ಟೋ ಸಲ ಅನಿಸಿತ್ತು. ಆದರೆ ಪಕ್ಕದಲ್ಲೇ ಕೂತಿರುತ್ತಿದ್ದ ನನ್ನ ಅತ್ತೆ ನಾಗಿ, ‘ಇಲ್ಲ್ಯೆ, ಸುನಿಲನ ಪ್ಯಾಂಟು ತೊಳೀತಿತ್ತು, ಜಾರ್ತು’ ಎಂದು ನಾನು ಬಾಯಿ ತೆರೆಯುವ ಮೊದಲೇ ವರದಿ ಒಪ್ಪಿಸಿಬಿಡುತ್ತಿದ್ದಳು.

ಮೊಣಕಾಲಿನ ಕೆಳಗೆ ಪ್ಲೇಟು ಹಾಕಿದರು. ಡಿಪೋದವರು ಹಣ್ಣು ಹಿಡಿದುಕೊಂಡು ಬಂದರು, ಒಳ್ಳೆಯ ಮಾತಾಡಿದರು. ಹೋಗುವಾಗ ಬಾಗಿಲಲ್ಲಿ ನಿಂತು, ‘ನಿಲ್ಲೂ ಕೆಲ್ಸ ಇನ್ನು ಕಷ್ಟ ಅಲ್ದಾ ಭಾರತಿ? ಪಾಸ್ ಕೌಂಟರಿಗೆ ಹಾಕುವಾ. ಫ್ಯಾನ್ ಅದೆ, ಕುರ್ಚಿ ಅದೆ’ ಎಂದರು. ಅವರದು ಕರುಣೆಯೇ. ಆದರೆ ನನಗೆ ಮೈಯೆಲ್ಲ ಉರಿದುಹೋಯಿತು. ಗಾಜಿನ ಹಿಂದೆ ಕೂತು ದಿನವಿಡೀ ಕಾಲೇಜು ಮಕ್ಕಳ ಫೋಟೋ ಮೇಲೆ ಸೀಲು ಗುದ್ದುವುದು! ನನ್ನ ಬಸ್ಸಿನಲ್ಲಿ ಅಮದಳ್ಳಿಯ ಮೀನಿನ ಹೆಂಗಸರು ಜಗಳ ಆಡುತ್ತಾರೆ, ಅವರ್ಸಾದ ಮಾಸ್ತರರು ನಿದ್ದೆ ಹೊಡೆದು ಮುಂದಿನ ಸ್ಟಾಪಿಗೆ ಹೋಗಿ ನನ್ನನ್ನೇ ಬಯ್ಯುತ್ತಾರೆ, ಅರಗಾದ ಹತ್ತಿರ ಕಿಟಕಿಯಿಂದ ಕಡಲಗಾಳಿ ಒಳಗೆ ನುಗ್ಗುತ್ತದೆ. ನಾನು ಆ ಬಸ್ಸಿಗೇ ವಾಪಸ್ ಹೋಗಬೇಕಿತ್ತು. ಅದಕ್ಕೆ ಸಂಕ್ರಾಂತಿ ಕಳೆದ ಮೇಲೆ ಡಾಕ್ಟರರ ಎದುರು ನಡೆದು, ಮೆಟ್ಟಿಲು ಹತ್ತಿ, ನಿಂತು ತೋರಿಸಬೇಕು. ಪಾಸಾದರೆ ಬಸ್ಸು, ಇಲ್ಲವಾದರೆ ಕುರ್ಚಿ.

ನನಗೇನೂ ಹೆದರಿಕೆ ಇರಲಿಲ್ಲ. ನನ್ನ ಹತ್ತಿರ ಹಾಡು ಇತ್ತು.

ಕಾರವಾರದಲ್ಲಿ ಕಾಲೇಜು ಓದುವಾಗ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ‘ಲಂಗರು’ ಅಂತ ಒಂದು ರಾಕ್ ಬ್ಯಾಂಡ್ ಬಂದಿತ್ತು. ಊರಿನ ನಾಲ್ಕು ಹುಡುಗರು, ಕೂದಲು ಭುಜದವರೆಗೆ. ನಾನು ಅದೇ ವಾರ ಇಂಗ್ಲಿಷಿನಲ್ಲಿ ಫೇಲಾಗಿ, ಓದು ಬಿಟ್ಟು ಗದ್ದೆಗೆ ಇಳಿಯುವುದೆಂದು ತೀರ್ಮಾನಿಸಿ, ಸಭಾಂಗಣದ ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಡ್ರಮ್ ಬಡಿಯಿತು. ಎದೆಯೊಳಗೆ ಯಾರೋ ಬಾಗಿಲು ತಟ್ಟಿದ ಹಾಗಾಯಿತು. ಆಮೇಲೆ ಆ ಹುಡುಗ ಮೈಕಿಗೆ ಬಾಯಿಟ್ಟು ಕೂಗಿದ:

ಹೊಡಿ ಅಲೆಯೇ, ಹೊಡಿ ನೋಡುವಾ,
ನಿನ್ನ ಉಪ್ಪು ನನ್ನ ಮೈಗೆ ಹೊಸತಲ್ಲ;
ಕಾಲಡಿಯ ಮರಳು ಕೊಚ್ಚಿಹೋದರೂ
ನಿಂತೇ ಇರ್ತೇನೆ, ನಿಂತೇ ಇರ್ತೇನೆ!

ನಾನು ಗೋಡೆ ಬಿಟ್ಟು ನೆಟ್ಟಗೆ ನಿಂತೆ. ಆ ಮಾರ್ಚಿನಲ್ಲಿ ಇಂಗ್ಲಿಷ್ ಮತ್ತೆ ಬರೆದೆ, ಪಾಸಾದೆ. ಕಂಡಕ್ಟರ್ ಕೆಲಸಕ್ಕೆ ಅರ್ಜಿ ಹಾಕಿದಾಗ ಕೇರಿಯವರು ನಕ್ಕರು, ಆಗಲೂ ಅದೇ ಹಾಡು. ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬ ಕುಡುಕ ‘ಹೆಂಗಸಿನ ಹತ್ರ ಟಿಕೆಟ್ ತಗಳೂದಿಲ್ಲ’ ಎಂದು ಕೂತಾಗ ಮನಸ್ಸಿನಲ್ಲೇ ಅದನ್ನು ಹೇಳಿಕೊಂಡು, ಬಸ್ಸು ನಿಲ್ಲಿಸಿ, ಅವನನ್ನು ತೋಡೂರಿನಲ್ಲಿ ಇಳಿಸಿದೆ. ಗೆಳತಿ ಚಂದನಾ ಎಲ್ಲಿಂದಲೋ ಅದರ ರೆಕಾರ್ಡಿಂಗ್ ಹುಡುಕಿ ಕೊಟ್ಟಿದ್ದಳು. ಅಂದಿನಿಂದ ಎಷ್ಟು ಫೋನು ಬದಲಾದವೋ, ಹಾಡು ಮಾತ್ರ ಜೊತೆಗೇ ಬಂದಿದೆ.

ಒಂದು ಮಾತು ಹೇಳಬೇಕು. ಗ್ಯಾದರಿಂಗಿನ ದಿನ ಪದ ಮುಗಿದು ಗಿಟಾರ್ ಶುರುವಾಗುವಷ್ಟರಲ್ಲಿ ಕರೆಂಟು ಹೋಯಿತು, ಹಾಡು ಅಲ್ಲಿಗೇ ನಿಂತಿತು. ಆಮೇಲೆ ಫೋನಿನಲ್ಲಿ ಕೇಳುವಾಗಲೂ ಗಿಟಾರ್ ಬಂದ ಕೂಡಲೇ ನನ್ನ ಬೆರಳು ತಾನಾಗಿ ಗುಂಡಿ ಒತ್ತಿ ಹಾಡನ್ನು ಮತ್ತೆ ಮೊದಲಿಗೆ ಒಯ್ಯುತ್ತಿತ್ತು. ಪದ ಇಲ್ಲದ ಬರೀ ಕುಯ್‌ಕುಯ್ ಕೇಳುತ್ತ ಕೂರಲು ನನಗೆ ಪುರುಸೊತ್ತು ಎಲ್ಲಿ?

ಫಿಸಿಯೋಥೆರಪಿಗೆ ಕಾರವಾರದ ಹಬ್ಬುವಾಡಕ್ಕೆ ಹೋಗಬೇಕಿತ್ತು. ಸುನಿಲನಿಗೆ ವೆಲ್ಡಿಂಗ್ ಕೆಲಸ, ಹಾಗಾಗಿ ಜೊತೆಗೆ ಬರುವವಳು ಅತ್ತೆ. ಕೊರಳ ತುಂಬ ಕರಿಮಣಿ ಸರ, ಕೈಯಲ್ಲಿ ಎಲೆಅಡಿಕೆ ಚೀಲ, ಮುಖದಲ್ಲಿ ಯಾರನ್ನೂ ನಂಬದ ಕಳೆ. ಅಲ್ಲಿಯ ನಾಗಶ್ರೀ ಮೇಡಂ ಯಲ್ಲಾಪುರ ಕಡೆಯ ಹುಡುಗಿ, ದನಿ ಬೆಣ್ಣೆ, ಕೈ ಇಕ್ಕಳ. ನನ್ನ ಮೊಣಕಾಲನ್ನು ಮಡಚುತ್ತ, ‘ಸ್ವಲ್ಪ ನೋವಾಗ್ತು, ಆಯ್ತಾ?’ ಎಂದು ಕೇಳುತ್ತಿದ್ದಳು. ನಾನು ಕಿರುಚುವಷ್ಟರಲ್ಲಿ ಅವಳು ಮಡಚಿ ಆಗಿರುತ್ತಿತ್ತು.

‘ಇಷ್ಟು ಮೆತ್ತಗೆ ಮಾತಾಡ್ಕಂಡು ಇಷ್ಟು ನೋವು ಕೊಡೂರ್ನ ನಾ ಎಲ್ಲೂ ಕಂಡಿಲ್ಲ,’ ಎಂದಳು ಅತ್ತೆ, ಮೇಡಂಗೆ ಕೇಳುವ ಹಾಗೆಯೇ.

ನಾನು ಹಾಡು ಹಚ್ಚಿದೆ. ಡ್ರಮ್ಮಿಗೆ ಸರಿಯಾಗಿ ಕಾಲು ಎತ್ತುವುದು, ಇಳಿಸುವುದು. ಮೇಡಂಗೆ ಖುಷಿಯೋ ಖುಷಿ. ಅತ್ತೆ ಮಾತ್ರ ಸ್ವಲ್ಪ ಹೊತ್ತು ಕೇಳಿ, ‘ಇಂವ ಯಾರ ಮೇಲೆ ಸಿಟ್ಟಾಗಿದ್ದಾ?’ ಎಂದು ಕೇಳಿದಳು.

‘ಅಲೆ ಮೇಲೆ ಅತ್ತೆ.’

‘ಅಲೆ ಎಂತಾ ಮಾಡ್ತು ಇವ್ನಿಗೆ?’

ಉತ್ತರ ಹೇಳುವಷ್ಟರಲ್ಲಿ ಗಿಟಾರ್ ಬಂತು. ನಾನು ಫೋನು ಒತ್ತಿದೆ, ಹಾಡು ಮತ್ತೆ ಮೊದಲಿಂದ ಶುರುವಾಯಿತು. ಅತ್ತೆ ಬಾಯಲ್ಲಿದ್ದ ಎಲೆ ಅಗಿಯುವುದನ್ನು ನಿಲ್ಲಿಸಿದಳು.

‘ಯೆ ಭಾರತಿ, ಹಾಡು ಮುಗೀಲಿಲ್ಲ.’

‘ಪದ ಮುಗೀತಲ್ಲ.’

‘ಪದ ಮುಗಿದ್ರೆ ಹಾಡು ಮುಗೀತಾ? ಅಂವ ಇನ್ನೂ ಬಾರಿಸ್ತಾ ಇದ್ದ. ಅರ್ಧಕ್ಕೆ ಬಿಡೂಕಿಲ್ಲ ಮಾರಾಯ್ತಿ, ಒಳ್ಳೇದಲ್ಲ.’

ಇದು ನಮ್ಮ ಅತ್ತೆಯ ಕಡೆಯ ಹೆಂಗಸರ ಕಟ್ಟಳೆ. ಎತ್ತಿದ ಹಾಡನ್ನು ಮುಗಿಸದೆ ಬಿಟ್ಟರೆ ಅದು ಎತ್ತಿದವಳ ಕಾಲಿಗೇ ಸುತ್ತಿಕೊಳ್ಳುತ್ತದಂತೆ. ಗದ್ದೆ ನೆಟ್ಟಿಯಲ್ಲಿ ಸಿಡಿಲು ಬಂದರೂ ಕೊಟ್ಟಿಗೆಯ ಮಾಡಿನ ಅಡಿಗೆ ಓಡಿ, ನಿಂತು, ಉಳಿದ ಸೊಲ್ಲು ಹೇಳಿಯೇ ಸುಮ್ಮನಾಗುವವರು. ನಮ್ಮ ಮದುವೆಯ ದಿನ ದಿಬ್ಬಣದ ಬಸ್ಸು ಹೊರಟು ನಿಂತಿದೆ, ಡ್ರೈವರು ಹಾರ್ನಿನ ಮೇಲೆ ಕೈ ಇಟ್ಟು ತೆಗೆಯಲಿಲ್ಲ, ಇವರು ಅಂಗಳದಲ್ಲಿ ಹಾಡುತ್ತಲೇ ಇದ್ದರು. ಕೊನೆಗೆ ಅವನೇ ಎಂಜಿನ್ ಬಂದ್ ಮಾಡಿ ಕೆಳಗಿಳಿದು ಬೀಡಿ ಹಚ್ಚಿದ. ನಾನು ಅದನ್ನೆಲ್ಲ ನಂಬುವವಳಲ್ಲ. ‘ಅತ್ತೆ, ಅದು ನಿಮ್ಮ ಹಾಡಿಗೆ. ಇದು ರಾಕ್,’ ಎಂದೆ. ಅತ್ತೆ ಆಮೇಲೆ ಪ್ರತಿ ಸಲವೂ, ನಾನು ಫೋನು ಒತ್ತಿದ ಕೂಡಲೇ, ಹಲ್ಲಿ ಲೊಚಗುಟ್ಟಿದ ಹಾಗೆ ನಾಲಗೆ ಲೊಚಗುಟ್ಟುತ್ತಿದ್ದಳು.

ದೀಪಾವಳಿ ಹೊತ್ತಿಗೆ ಕೋಲು ಹಿಡಿದು ನಡೆಯತೊಡಗಿದೆ. ಇನ್ನೂ ಕೆಲವು ವಾರ ಕೋಲು ಬಿಡಬಾರದು, ದಣಿವಾದ ಕೂಡಲೇ ಕೂರಬೇಕು ಎಂದು ಮೇಡಂ ಹೇಳಿದ್ದಳು. ಕೂರುವುದು! ಹಾಡಿನಲ್ಲಿ ಎಲ್ಲಾದರೂ ಕೂರುವ ಮಾತಿದೆಯೇ? ದಿನವೂ ಬೆಳಿಗ್ಗೆ ಅಂಗಳದಲ್ಲಿ ಫೋನು ಹಚ್ಚಿ, ‘ನಿಂತೇ ಇರ್ತೇನೆ’ ಬಂದಾಗಲೆಲ್ಲ ಕೋಲನ್ನು ಗೋಡೆಗೆ ಒರಗಿಸಿ ನಿಲ್ಲುತ್ತಿದ್ದೆ. ಪದ ಮುಗಿದರೆ ಮತ್ತೆ ಮೊದಲಿಂದ, ಮತ್ತೆ ಮೊದಲಿಂದ. ಕಾಲು ನಡುಗಿದರೆ ಅದನ್ನೇ ಬಯ್ಯುತ್ತಿದ್ದೆ.

ಒಂದು ದಿನ ಹುಮ್ಮಸ್ಸು ಹೆಚ್ಚಾಯಿತು. ಒಂಬತ್ತು ಗಂಟೆಗೆ ನನ್ನದೇ ಬಸ್ಸು ಮನೆಯೆದುರಿನ ರಸ್ತೆಯಲ್ಲಿ ಹೋಗುತ್ತದೆ, ಡ್ರೈವರ್ ನಮ್ಮ ರಾಮಾ. ಅವನಿಗೆ ತೋರಿಸಬೇಕಿತ್ತು. ಕೋಲು ಮನೆಯಲ್ಲೇ ಬಿಟ್ಟು, ಪದದ ಭಾಗವಷ್ಟೇ ಮತ್ತೆ ಮತ್ತೆ ಬರುವ ಹಾಗೆ ಇಟ್ಟು ಫೋನನ್ನು ರವಿಕೆಗೆ ಸಿಕ್ಕಿಸಿಕೊಂಡು, ಹಾಡು ಜೋರು ಮಾಡಿ, ರಸ್ತೆಯ ತನಕ ಒಬ್ಬಳೇ ನಡೆದೆ. ನಡೆದೇ ನಡೆದೆ! ಬಸ್ಸು ಬಂತು. ರಾಮಾ ಹಾರ್ನ್ ಹೊಡೆದ. ಕಿಟಕಿಯಲ್ಲಿ ಮೀನಿನ ಹೆಂಗಸರು ಕೂಗಿದರು. ನಾನು ಎರಡೂ ಕೈ ಎತ್ತಿ ಬೀಸಿದೆ. ಅಷ್ಟರಲ್ಲಿ ಮೊಣಕಾಲು ಮಡಚಿಕೊಂಡಿತು, ನಾನು ಚರಂಡಿಯಲ್ಲಿ ಕೂತಿದ್ದೆ.

ರಾಮಾ ಬಸ್ಸು ನಿಲ್ಲಿಸಿ ಓಡಿಬಂದ. ಇಡೀ ಬಸ್ಸು ಇಳಿಯಿತು. ನಾನು ಟಿಕೆಟ್ ಕೊಟ್ಟ, ಬಯ್ದ, ಚಿಲ್ಲರೆಗೆ ಜಗಳ ಆಡಿದ ಜನರೆಲ್ಲ ಸೇರಿ ನನ್ನನ್ನು ಎತ್ತಿ ತಂದರು. ನನ್ನ ಎದೆಯ ಹತ್ತಿರ ಆ ಹುಡುಗ ಇನ್ನೂ ‘ನಿಂತೇ ಇರ್ತೇನೆ’ ಎಂದು ಕೂಗುತ್ತಲೇ ಇದ್ದ. ಅವನ ಬಾಯಿ ಮುಚ್ಚಿಸಲು ಒತ್ತಬೇಕಾದ ಗುಂಡಿಯೂ ನನಗೆ ಸಿಗಲಿಲ್ಲ. ಅವಮಾನದಿಂದ ಸತ್ತೇ ಹೋಗುತ್ತೇನೆ ಅನಿಸಿತು.

ಎಲುಬಿಗೆ ಏನೂ ಆಗಿರಲಿಲ್ಲ, ಸ್ನಾಯು ಉಳುಕಿತ್ತು. ನಾಗಶ್ರೀ ಮೇಡಂ ಮೊದಲ ಸಲ ದನಿ ಏರಿಸಿದಳು. ‘ನಾ ಹೇಳಿದ್ದು ಎಂತಾ, ನೀವು ಮಾಡಿದ್ದು ಎಂತಾ? ಎರಡು ವಾರ ಹಾಸಿಗೆ. ಸಂಕ್ರಾಂತಿಗೆ ಆಗ್ತೋ ಇಲ್ಯೋ, ನಂಗೆ ಹೇಳೂಲೆ ಬರ್ತಿಲ್ಲೆ.’

ಎರಡು ವಾರ ಕಳೆಯಿತು. ನಾನು ಏಳಲಿಲ್ಲ. ವ್ಯಾಯಾಮಕ್ಕೆ ಸುನಿಲ ಕರೆದರೆ ಗೋಡೆಯ ಕಡೆ ತಿರುಗಿ ಮಲಗಿದೆ. ಫೋನಿನಲ್ಲಿ ಹಾಡು ಕಂಡರೆ ಮೋಸ ಮಾಡಿದ ಗೆಳತಿಯ ಮುಖ ಕಂಡ ಹಾಗಾಗುತ್ತಿತ್ತು. ಇಷ್ಟು ವರ್ಷ ನನ್ನನ್ನು ಎತ್ತಿ ನಿಲ್ಲಿಸಿದ್ದೇ ಅದು, ಚರಂಡಿಯಲ್ಲಿ ಕೂರಿಸಿದ್ದೂ ಅದೇ. ಒಂದು ಮಧ್ಯಾಹ್ನ ಅತ್ತೆ ಹೊಸಿಲ ಹತ್ತಿರ ಕೂತು ಬಸಳೆ ಸೋಸುತ್ತಿದ್ದಾಗ ಹೇಳಿದೆ:

‘ಅತ್ತೆ, ನಾಳೆ ಡಿಪೋಗೆ ಫೋನ್ ಮಾಡ್ತೆ. ಕೌಂಟರಿಗೇ ಹಾಕಿ ಅಂತ ಹೇಳ್ತೆ.’

ಅವಳು ತಲೆ ಎತ್ತಲಿಲ್ಲ. ‘ಹೇಳು. ಅದಕ್ಕೂ ಮೊದ್ಲು ಆ ಹಾಡು ಮುಗ್ಸು.’

‘ಯಾವ ಹಾಡು?’

‘ಅದೇ, ಅಲೆ ಮೇಲೆ ಸಿಟ್ಟಾದವಂದು. ಎಷ್ಟು ಸಲ ಎತ್ತಿ ಎಷ್ಟು ಸಲ ಬಿಟ್ಟೆ ನೀನು? ಬಸ್ ಎದುರಿಗೆ ಬಿದ್ದದ್ದು ಯಾಕೆ ಅಂದ್ಕಂಡೆ? ಕಾಲಿಗೆ ಸುತ್ಕಂಡದೆ ಅದು. ಮುಗ್ಸಿ, ಆಮೇಲೆ ಬೇಕಾದ್ರೆ ಕುರ್ಚಿ ಮೇಲೆ ಕೂತ್ಕ, ಮಂಚದ ಮೇಲೆ ಮಲಕ್ಕ. ನಾ ಕೇಳೂದಿಲ್ಲ.’

‘ಅತ್ತೆ, ನಂಗೆ ತಲೆ ಕೆಟ್ಟದೆ.’

‘ನಂದೂ ಕೆಟ್ಟದೆ. ಹಚ್ಚು.’

ವಾದ ಮಾಡುವ ತಾಕತ್ತೂ ಇರಲಿಲ್ಲ. ಹಚ್ಚಿದೆ. ಡ್ರಮ್ ಬಂತು, ಅಲೆ ಬಂತು, ಮರಳು ಕೊಚ್ಚಿಹೋಯಿತು, ಹುಡುಗ ನಿಂತ. ಗಿಟಾರ್ ಬಂತು. ನನ್ನ ಬೆರಳು ಫೋನಿನ ಕಡೆ ಹೋದದ್ದೇ ಅತ್ತೆ ಬಸಳೆಯ ದಂಟಿನಿಂದ ಅದರ ಮೇಲೆ ಒಂದು ಬಿಟ್ಟಳು.

ಆ ಗಿಟಾರ್ ಮುಗಿಯುವುದೇ ಇಲ್ಲ! ಮೊದಲು ಜಗಳ ಆಡಿದ ಹಾಗೆ, ಆಮೇಲೆ ಗೋಗರೆದ ಹಾಗೆ, ಆಮೇಲೆ ಒಬ್ಬನೇ ದೋಣಿಯಲ್ಲಿ ಕೂತು ಗೊಣಗಿದ ಹಾಗೆ. ಅತ್ತೆ ಸೊಪ್ಪು ಸೋಸುತ್ತ, ಕತೆ ಕೇಳುವಾಗ ಹೇಳುತ್ತಾರಲ್ಲ, ಹಾಗೆ ನಡುನಡುವೆ ‘ಹೂಂ’ ಎನ್ನುತ್ತಿದ್ದಳು. ‘ಹೂಂ… ಪಾಪ… ಹೂಂ.’ ನನಗೆ ನಗು ಬಂತು. ಎಷ್ಟೋ ದಿನಗಳ ಮೇಲೆ ಬಂದ ನಗು. ಇನ್ನೇನು ಎಲ್ಲ ತಣ್ಣಗಾಯಿತು ಅನ್ನುವಾಗ ಡ್ರಮ್ಮೂ ಇಲ್ಲದೆ, ಕೂಗೂ ಇಲ್ಲದೆ, ಅದೇ ಹುಡುಗ ಪಿಸುದನಿಯಲ್ಲಿ ಹಾಡಿದ:

ಕೂತುಕೋ ಜೀವವೇ, ಈಗ ಇಳಿತದ ಹೊತ್ತು,
ಕಡಲೂ ಹಿಂದೆ ಸರಿದು ಉಸಿರಾಡುತ್ತಿದೆ;
ಮತ್ತೆ ಉಬ್ಬರ ಬಂದಾಗ ಎಬ್ಬಿಸ್ತೇನೆ ನಾನು,
ಆಗ ನಿಲ್ಲುವಾ, ಆಗ ನಿಲ್ಲುವಾ.

ಹಾಡು ಮುಗಿಯಿತು.

ನಾನು ಅತ್ತುಬಿಟ್ಟೆ. ಮುಚ್ಚಿಟ್ಟುಕೊಳ್ಳುವುದೇನಿದೆ, ಹೋ ಎಂದು ಅತ್ತುಬಿಟ್ಟೆ. ಇಷ್ಟು ವರ್ಷ ಇದು ನನ್ನ ಹಾಡು, ನನ್ನ ಹಾಡು ಎಂದು ಎದೆಗೆ ಅಪ್ಪಿಕೊಂಡು ತಿರುಗಿದ್ದೆ. ಅದು ಕೂತುಕೋ ಎಂದು ಹೇಳುತ್ತಲೇ ಇತ್ತು, ಅಷ್ಟರೊಳಗೆ ನಾನು ಪ್ರತಿ ಸಲವೂ ಅದರ ಬಾಯಿ ಮುಚ್ಚಿದ್ದೆ. ನನಗೆ ಹಾಗೆ ಹೇಳುವ ಧೈರ್ಯ ಹೆಚ್ಚಿನವರಿಗೆ ಇರಲಿಲ್ಲ. ಹೇಳಿದವರ ಮೇಲೆ ನಾನು ಹರಿಹಾಯ್ದಿದ್ದೆ.

ಅತ್ತೆ ಸೋಸಿದ ಸೊಪ್ಪನ್ನು ಮೊರಕ್ಕೆ ಹಾಕಿ, ಸೆರಗು ಕೊಡವಿ ಎದ್ದಳು. ‘ಈಗ ಮುಗೀತು ನೋಡು. ಎಷ್ಟು ಚಂದ ಮುಗಿಸ್ದಾ. ಇನ್ನು ಡಿಪೋಗೆ ಫೋನ್ ಮಾಡೂದಾದ್ರೆ ಮಾಡು,’ ಎಂದು ಕೋಳಿಗೆ ಅಕ್ಕಿ ಹಾಕಲು ಹಿತ್ತಲಿಗೆ ಹೋದಳು. ಆ ಚರಣದ ಅರ್ಥ ಅವಳ ತಲೆಗೆ ಹೋಗಿತ್ತೋ ಇಲ್ಲವೋ, ಇಂದಿಗೂ ನನಗೆ ಗೊತ್ತಿಲ್ಲ. ಅವಳಿಗೆ ಬೇಕಾದದ್ದು ಹಾಡು ಮುಗಿಯುವುದು, ಅಷ್ಟೇ.

ನಾನು ಫೋನ್ ಮಾಡಲಿಲ್ಲ. ಮರುದಿನದಿಂದ ಹಾಡನ್ನು ಪೂರ್ತಿ ಹಚ್ಚಿದೆ. ಪದ ಇರುವ ತನಕ ನಡಿಗೆ, ಗಿಟಾರ್ ಬಂದರೆ ಜಗಲಿಯ ಮೇಲೆ ಕೂರುವುದು, ಕೊನೆಯ ಚರಣಕ್ಕೆ ಮೆಲ್ಲಗೆ ಏಳುವುದು. ಕೂತಾಗ ಮೊದಮೊದಲು ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಆಮೇಲೆ ಗಿಟಾರನ್ನೂ ಕೇಳತೊಡಗಿದೆ. ಅದರಲ್ಲೂ ಒಂದು ಮಾತು ಇತ್ತು, ಅದು ನನ್ನ ಕಿವಿಗೆ ಬಿದ್ದಿರಲಿಲ್ಲ ಅಷ್ಟೇ. ನಾಗಶ್ರೀ ಮೇಡಂಗೆ ತೋರಿಸಿದಾಗ ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು, ‘ಇದನ್ನೇ ಅಲ್ದಾ ನಾ ಮೊದಲಿಂದ ಹೇಳ್ತಾ ಬಂದದ್ದು?’ ಎಂದಳು. ಹೇಳಿದ್ದಳು, ನಿಜ. ಆದರೆ ಅವಳು ಡ್ರಮ್ ಬಾರಿಸಿ ಹೇಳಿರಲಿಲ್ಲವಲ್ಲ! ಆಮೇಲೆ ಅವಳು ಉಳಿದ ಪೇಷಂಟುಗಳಿಗೂ ಅದೇ ಹಾಡು ಹಚ್ಚತೊಡಗಿದಳು. ಸೊಂಟ ಹಿಡಿದುಕೊಂಡ ಸದಾಶಿವಗಡದ ಅಜ್ಜಿಯೊಬ್ಬಳು, ‘ಆ ಮಷೀನಿನ ಗಲಾಟೆ ಬಂದ್ರೆ ನಂಗೆ ಆರಾಮ’ ಎಂದು ಗಿಟಾರಿಗಾಗಿ ಕಾಯುತ್ತ ಕೂರುತ್ತಿದ್ದಳು.

ಮನೆಯಲ್ಲಿ ‘ಗಿಟಾರ್ ಬಂತು’ ಎಂಬುದೇ ಮಾತಾಗಿಬಿಟ್ಟಿತು. ಸುನಿಲ ಕೆಲಸದಿಂದ ಬಂದು ಚಪ್ಪಲಿ ಬಿಟ್ಟು ಜಗಲಿಗೆ ಬಿದ್ದು, ‘ಗಿಟಾರ್ ಬಂತು, ಯಾರೂ ಮಾತಾಡ್ಸೂಕಿಲ್ಲ’ ಎನ್ನುತ್ತಿದ್ದ. ಅತ್ತೆಯೂ ಪಾತ್ರೆ ತೊಳೆಯುವುದನ್ನು ನಡುವೆ ಬಿಟ್ಟು ಎಲೆ ಹಾಕಿಕೊಳ್ಳಲು ಕೂತು ಅದನ್ನೇ ಹೇಳುತ್ತಿದ್ದಳು. ಪಾತ್ರೆಯನ್ನು ಅರ್ಧಕ್ಕೆ ಬಿಡಬಹುದು, ಅದಕ್ಕೆ ಯಾವ ಕಟ್ಟಳೆಯೂ ಇಲ್ಲ.

ಸಂಕ್ರಾಂತಿ ಕಳೆಯಿತು. ಡಾಕ್ಟರರ ಎದುರು ನಡೆದೆ, ನಿಂತೆ. ಮೆಟ್ಟಿಲು ಹತ್ತುವಾಗ ನಡುವೆ ಕಾಲು ಎಳೆಯಿತು. ಮೊದಲಿನ ಭಾರತಿಯಾಗಿದ್ದರೆ ಹಲ್ಲು ಕಚ್ಚಿ ಓಡಿ ಹತ್ತಿ ಮೇಲೆ ಬಿದ್ದಿರುತ್ತಿದ್ದಳು. ಈಗ ನಾನು ‘ಒಂದು ನಿಮಿಷ ಸರ್,’ ಎಂದು ಕಂಬಿ ಹಿಡಿದು ನಿಂತು, ಉಸಿರು ತೆಗೆದುಕೊಂಡು, ಉಳಿದದ್ದನ್ನು ಹತ್ತಿದೆ. ಡಾಕ್ಟರರು ಕನ್ನಡಕದ ಮೇಲಿಂದ ನೋಡಿ, ‘ನಿಮಗೆ ನಿಮ್ಮ ಕಾಲು ಗೊತ್ತಿದೆ. ಹೋಗಿ ಕೆಲಸ ಮಾಡಿ,’ ಎಂದರು.

ಮೊದಲ ಡ್ಯೂಟಿಯ ದಿನ ಕಾರವಾರ ಸ್ಟ್ಯಾಂಡಿನಲ್ಲಿ ರಾಮಾ ಸ್ಟೀರಿಂಗಿಗೆ ಹೂ ಹಾಕಿ ಕಾದಿದ್ದ. ‘ಭಾರತಿ ಬಾಯಿ, ತಯಾರಾ?’ ಎಂದ. ನಾನು ಸೀಟಿ ಊದಿದೆ. ಬಿಣಗಾ ಘಟ್ಟದಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದೆ, ನಾಚಿಕೆ ಆಗಲಿಲ್ಲ. ಅರಗಾದ ಗಾಳಿ ಬಂತು. ಮೀನಿನ ಹೆಂಗಸರು ಚರಂಡಿಯ ಕತೆ ತೆಗೆದು ನಗಾಡಿದರು, ನಾನೂ ನಗಾಡಿದೆ, ಆಮೇಲೆ ಬುಟ್ಟಿಗಳನ್ನು ದಾರಿಯಿಂದ ಸರಿಸಿ ಎಂದು ಬಯ್ದೆ. ಅಮದಳ್ಳಿ ದಾಟುವ ಹೊತ್ತಿಗೆ ಬಸ್ಸು ತುಂಬಿತ್ತು, ಕಾಲು ಜುಮುಜುಮು ಎನ್ನತೊಡಗಿತ್ತು. ನನ್ನ ಸೀಟಿನಲ್ಲಿ ಒಬ್ಬ ಗಂಡಸು ಚೀಲದಲ್ಲಿ ಹುಂಜ ಇಟ್ಟುಕೊಂಡು ಆರಾಮಾಗಿ ಕೂತಿದ್ದ. ಅದೇನೂ ಅವನ ತಪ್ಪಲ್ಲ. ಹತ್ತು ವರ್ಷ ನಾನು ಆ ಸೀಟಿನಲ್ಲಿ ಕೂತದ್ದೇ ಇಲ್ಲ, ಅದು ಕಂಡಕ್ಟರ್ ಸೀಟು ಎಂಬುದೇ ಜನರಿಗೆ ಮರೆತುಹೋಗಿತ್ತು. ಈಗ ಎಬ್ಬಿಸಲು ಬಾಯಿ ಬರಲಿಲ್ಲ. ಎಲ್ಲರೂ ನನ್ನ ಕಾಲನ್ನೇ ನೋಡುತ್ತಿದ್ದಾರೆ ಅನಿಸುತ್ತಿತ್ತು.

ಹಟ್ಟಿಕೇರಿಯಲ್ಲಿ ಅತ್ತೆ ಹತ್ತಿದಳು, ಅಂಕೋಲಾ ಪೇಟೆಗೆ ಹೊರಟ ತೊಂಡೆಕಾಯಿ ಬುಟ್ಟಿಯ ಜೊತೆ. ನಾನು ಗಂಭೀರವಾಗಿ, ‘ಆಧಾರ್ ಕಾರ್ಡ್ ತೋರ್ಸಿ,’ ಎಂದೆ. ಅವಳೂ ಅಷ್ಟೇ ಗಂಭೀರವಾಗಿ ಎಲೆಚೀಲದಿಂದ ತೆಗೆದು ತೋರಿಸಿ, ಬಿಟ್ಟಿ ಟಿಕೆಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ನನ್ನ ಮುಖ ನೋಡಿದಳು. ಕಾಲು ನೋಡಿದಳು. ಸೀಟು ನೋಡಿದಳು.

‘ಯೆ ತಮ್ಮಾ, ಏಳು,’ ಎಂದಳು ಹುಂಜದವನಿಗೆ.

‘ಯಾಕೆ ಅಮ್ಮಾ?’

‘ಗಿಟಾರ್ ಬಂತು!’

ಇಡೀ ಬಸ್ಸು ತಿರುಗಿ ನೋಡಿತು. ಆ ಮನುಷ್ಯನಿಗೆ ಏನೂ ತಿಳಿಯಲಿಲ್ಲ, ಆದರೆ ಆ ದನಿಗೆ ಎದುರಾಡುವ ಧೈರ್ಯ ಯಾರಿಗಿದೆ? ಹುಂಜವನ್ನು ಅಪ್ಪಿಕೊಂಡು ಎದ್ದ. ಅತ್ತೆ ಸೆರಗಿನಿಂದ ಸೀಟು ಒರೆಸಿದಳು.

ನಾನು ಕೂತೆ. ಹತ್ತು ವರ್ಷದಲ್ಲಿ ಮೊದಲ ಸಲ ಕೂತು ನೋಡಿದರೆ ಕಿಟಕಿ ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಗದ್ದೆಗಳೆಲ್ಲ ಕಾಣುತ್ತವೆ. ಅತ್ತೆ ನನ್ನ ಪಕ್ಕದಲ್ಲೇ ಕಂಬಿ ಹಿಡಿದು ನಿಂತು, ನನಗೆ ಮಾತ್ರ ಕೇಳುವ ಹಾಗೆ, ಅದೇ ಹಾಡಿನ ಗಿಟಾರನ್ನು ತನ್ನ ರಾಗದಲ್ಲಿ ಗುನುಗುತ್ತಿದ್ದಳು, ಒಂದು ಎಳೆಯನ್ನೂ ಬಿಡದೆ. ಅವಳ ಕೈ ನನ್ನ ಹೆಗಲ ಮೇಲಿತ್ತು.

ಅವರ್ಸಾ ಬರುವ ಹೊತ್ತಿಗೆ ಅವಳ ಗುನುಗು ಮುಗಿಯಿತು. ಅವಳು ಹೆಗಲಿನಿಂದ ಕೈ ತೆಗೆದಳು. ನಾನು ಎದ್ದು ನಿಂತು, ನಿದ್ದೆ ಹೊಡೆಯುತ್ತಿದ್ದ ಮಾಸ್ತರರನ್ನು ಎಬ್ಬಿಸಿ ಸೀಟಿ ಊದಿದೆ.